ಬಸಿರಿನಲ್ಲಿ ಫ್ರ್ಯಾಂಟ್ಜ್ ಗಡ್ಡೆ: ಒಂದು ಚಿಕಿತ್ಸಾಕ್ರಮದ ಚರಿತ್ರೆ

ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡಂತೆ ಅಡಗಿರುವ ಮೇದೋಜೀರಕ ಗ್ರಂಥಿಯು ಬಹುಕಾಲ ವೈದ್ಯರ ಕಣ್ಣಿಗೂ ಕತ್ತಿಗೂ ಎಟುಕದ ಅಂಗವಾಗಿತ್ತು. ಆ ಗ್ರಂಥಿಯ ತಲೆಭಾಗವನ್ನು ಅದಕ್ಕೆ ಅಂಟಿಕೊಂಡ ಸಣ್ಣಕರುಳಿನ ಮೊದಲ ಭಾಗದೊಡನೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಜರ್ಮನಿಯ ವಾಲ್ಟರ್ ಕೌಷ್ 1909ರಲ್ಲಿ ಮಾಡಿದ್ದರೂ, ಅದು ನೆಲೆಯೂರಿದ್ದು ನ್ಯೂಯಾರ್ಕಿನ ಅಲೆನ್ ವಿಪಲ್ 1935ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದ ಬಳಿಕ.

ಅದೇ ವರ್ಷ ವಿಪಲ್ ಅವರೊಡಗೂಡಿ ಇನ್ಸುಲಿನ್ ಸ್ರವಿಸುವ ಗಡ್ಡೆಗಳ ಕುರಿತು ಬರೆದ ರೋಗಶಾಸ್ತ್ರಜ್ಞೆ ವರ್ಜೀನಿಯಾ ನೀಲ್ಯಾಂಡ್ ಫ್ರ್ಯಾಂಟ್ಜ್, 1959ರ ತಮ್ಮ ಗ್ರಂಥದಲ್ಲಿ ಅದೇ ಗ್ರಂಥಿಯ ಮತ್ತೊಂದು ಗಡ್ಡೆಯನ್ನು ಪ್ರತ್ಯೇಕವಾಗಿ ಗುರುತಿಸಿದರು. ಹಲವು ಹೆಸರುಗಳನ್ನು ಪಡೆದ ಈ ಗಡ್ಡೆಗೆ ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿ 'ಸಾಲಿಡ್ ಸೂಡೊಪ್ಯಾಪಿಲ್ಲರಿ', ಅಂದರೆ ಗಟ್ಟಿಯಾದ ಭಾಗವೂ ಹುಸಿ ಕುಚ್ಚುಗಳಂಥ ರಚನೆಯೂ ಉಳ್ಳದ್ದು, ಎಂಬ ಹೆಸರನ್ನು ಸ್ಥಿರಪಡಿಸಿತು. ನಿಧಾನವಾಗಿ ಬೆಳೆಯುವ, ಪೂರ್ಣವಾಗಿ ತೆಗೆದರೆ ಬಹುಮಟ್ಟಿಗೆ ಗುಣವಾಗುವ ಈ ಗಡ್ಡೆ ಹೆಚ್ಚಾಗಿ ಯುವತಿಯರಲ್ಲಿ ಕಾಣಿಸಿಕೊಳ್ಳುವುದರಿಂದಲೂ, ಬಸಿರನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಗ್ರಹಿಸುವ ಅಣುಗಳು ಅದರ ಕೋಶಗಳಲ್ಲಿ ಇರುವುದರಿಂದಲೂ, ಗರ್ಭಿಣಿಯರಲ್ಲಿ ಅದು ಕಂಡರೆ ಏನೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆದರೆ ಈ ಗಡ್ಡೆ ತರುವ ವಾಕರಿಕೆ, ಮೇಲುಹೊಟ್ಟೆಯ ನೋವುಗಳು ಬಸಿರಿನ ಬಾಧೆಗಳೆಂದೇ ಎಣಿಕೆಯಾಗುತ್ತಿದ್ದವು. ಗರ್ಭಿಣಿಯರಿಗೆ ಎಕ್ಸ್-ರೇ ತೆಗೆಯುವುದಕ್ಕೂ ಹುಟ್ಟಿದ ಮಕ್ಕಳ ಕ್ಯಾನ್ಸರಿಗೂ ನಂಟಿದೆಯೆಂದು ಆಕ್ಸ್‌ಫರ್ಡಿನ ಆಲಿಸ್ ಸ್ಟೂವರ್ಟ್ 1956ರಲ್ಲಿ ತೋರಿಸಿದ ಮೇಲೆ ಆ ದಾರಿಯೂ ಕಿರಿದಾಯಿತು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಅಲ್ಟ್ರಾಸೌಂಡ್ ವಿಧಾನ ಈ ಇಕ್ಕಟ್ಟನ್ನು ಸಡಿಲಿಸಿತು. ವಿಕಿರಣವಿಲ್ಲದ ಎಂಆರ್‌ಐ ಕೂಡ ಮುಂದೆ ಅದರ ಜೊತೆಗೂಡಿದ್ದರಿಂದ, ಮಗುವಿಗೆ ಅಪಾಯ ತಾರದೆಯೇ ತಾಯಿಯ ಗಡ್ಡೆಯ ಗಾತ್ರವನ್ನೂ ನೆಲೆಯನ್ನೂ ಅರಿಯುವುದು ಸಾಧ್ಯವಾಯಿತು.

ಹೀಗೆ ಕಂಡ ಗಡ್ಡೆಯನ್ನು ಎಂದು ತೆಗೆಯಬೇಕೆಂಬುದೇ ಮುಂದಿನ ಪ್ರಶ್ನೆಯಾಯಿತು. ಮೊದಲ ಮೂರು ತಿಂಗಳಲ್ಲಿ ಭ್ರೂಣದ ಅಂಗಗಳು ರೂಪುಗೊಳ್ಳುತ್ತಿರುತ್ತವೆ, ಕೊನೆಯ ಮೂರು ತಿಂಗಳಲ್ಲಿ ಬೆಳೆದ ಗರ್ಭಕೋಶವು ಶಸ್ತ್ರಕ್ಕೆ ಎಡೆಗೊಡುವುದಿಲ್ಲ, ಅಕಾಲ ಹೆರಿಗೆಯ ಭಯವೂ ಇರುತ್ತದೆ. ಆದಕಾರಣ ನಡುವಣ ತಿಂಗಳುಗಳೇ ತಕ್ಕ ಕಾಲವೆಂಬ ಅಭಿಪ್ರಾಯ ನೆಲೆಗೊಂಡಿತು. ತಡವಾಗಿ ಕಂಡ ಗಡ್ಡೆ ರಕ್ತಸ್ರಾವದ ಸೂಚನೆ ನೀಡದಿದ್ದರೆ, ಹೆರಿಗೆಯವರೆಗೆ ಕಾಯುವ ಪದ್ಧತಿಯೂ ಬಂದಿತು.

ರೋಗವು ಅತ್ಯಪರೂಪವಾದುದರಿಂದ ಈ ತಿಳಿವಳಿಕೆಯನ್ನು ದೊಡ್ಡ ಪ್ರಯೋಗಗಳಿಂದ ಪಡೆಯುವಂತಿರಲಿಲ್ಲ. ಒಬ್ಬೊಬ್ಬ ತಾಯಿಯ ಚಿಕಿತ್ಸೆಯನ್ನು ವೈದ್ಯರು ಶ್ರದ್ಧೆಯಿಂದ ದಾಖಲಿಸಿದ ವರದಿಗಳೇ ಕೂಡಿಕೊಂಡು, ಅನಂತರ ಬಂದ ತಾಯಂದಿರಿಗೆ ದಾರಿಯಾದವು.