ಗ್ರಾಮದ ಬಾಗಿಲಿಗೆ ಬಂದ ಮನೋವೈದ್ಯ

ದೇಹಕ್ಕೆ ಜ್ವರ ಬಂದಾಗ ಬಂಧುಬಳಗವೆಲ್ಲ ಹಾಸಿಗೆಯ ಸುತ್ತ ನೆರೆಯುತ್ತದೆ. ಮನಸ್ಸಿಗೆ ವ್ಯಾಧಿ ತಗುಲಿದಾಗ ಅದೇ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ರೀತಿಯಿದು. ಈ ಬಾಗಿಲನ್ನು ತೆರೆಯುವ ಕಾರ್ಯದಲ್ಲಿ ಕನ್ನಡನಾಡು ಇಡೀ ಭಾರತಕ್ಕೆ ಮೇಲ್ಪಂಕ್ತಿಯಾದ ಸಂಗತಿಯನ್ನು ವಾಚಕರು ಅರಿಯುವುದು ಉಚಿತ.

ಹಿಂದಿನ ಕಾಲದಲ್ಲಿ ಮನೋರೋಗಿಗೆ ಇದ್ದ ಆಶ್ರಯ ದೂರದ ನಗರದ ಆಸ್ಪತ್ರೆಯೊಂದೇ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. 1912ರ ಲೂನಸಿ ಕಾಯಿದೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಆಜ್ಞೆ ಪಡೆದು ರೋಗಿಯನ್ನು ಒಳಗೆ ಸೇರಿಸುವ ಕ್ರಮವಿತ್ತು. ಚಿಕಿತ್ಸೆಗಿಂತ ಬಂಧನದ ಭಾವವೇ ಅಲ್ಲಿ ಪ್ರಧಾನ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮೊದಲಾದ ಔಷಧಗಳು ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅನೇಕ ರೋಗಿಗಳು ಮನೆಯಲ್ಲಿದ್ದುಕೊಂಡೇ ಗುಣಮುಖರಾಗುವುದು ಸಾಧ್ಯವಾಯಿತು. ಆದರೆ ಆ ಮಾತ್ರೆ ಹಳ್ಳಿಗೆ ತಲುಪುವ ಬಗೆ ಹೇಗೆ? ಮನೋವೈದ್ಯರಾದರೋ ಬೆರಳೆಣಿಕೆಯಷ್ಟು, ಅವರೂ ನಗರವಾಸಿಗಳು.

ಈ ಪ್ರಶ್ನೆಗೆ ಉತ್ತರವನ್ನು ಅರಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. 1974ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮರುವರ್ಷವೇ ಸಮುದಾಯ ಮನೋವೈದ್ಯ ವಿಭಾಗವನ್ನು ಆರಂಭಿಸಿ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆಯಿತು. ಇದೇ ಕಾಲದಲ್ಲಿ ಚಂಡೀಗಢದ ವೈದ್ಯಸಂಸ್ಥೆಯೂ ಹರಿಯಾಣದ ರಾಯಪುರ ರಾಣಿಯಲ್ಲಿ ಇಂತಹ ಪ್ರಯತ್ನವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನಿಗೆ ಅಲ್ಪಾವಧಿಯ ತರಬೇತಿಯಿತ್ತರೆ ಅವನು ಮುಖ್ಯ ಮನೋವ್ಯಾಧಿಗಳಿಗೂ ಮೂರ್ಛೆರೋಗಕ್ಕೂ ಚಿಕಿತ್ಸೆ ನೀಡಬಲ್ಲನೆಂಬುದು, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತೆ ರೋಗಿಗಳನ್ನು ಗುರುತಿಸಬಲ್ಲಳೆಂಬುದು ಈ ಪ್ರಯೋಗಗಳಿಂದ ಸಿದ್ಧವಾಯಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕೃತವಾಯಿತು. ಒಂದು ಇಡೀ ಜಿಲ್ಲೆಯಲ್ಲಿ ಅದನ್ನು ನಡೆಸಿ ತೋರಿಸುವ ಹೊಣೆ ಬಳ್ಳಾರಿಯ ಪಾಲಿಗೆ ಬಂದಿತು. 1985ರಿಂದ ಅಲ್ಲಿನ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ದೊರೆಯಿತು. ಅವಶ್ಯವಾದ ಕೆಲವೇ ಔಷಧಗಳು ಆರೋಗ್ಯ ಕೇಂದ್ರಗಳಿಗೆ ಬಂದವು. ಸರಳವಾದ ದಾಖಲೆಗಳನ್ನು ಇಡಲಾಯಿತು. ಜಿಲ್ಲಾಮಟ್ಟದ ತಂಡ ಕೆಲಸದ ಮೇಲ್ವಿಚಾರಣೆ ನಡೆಸಿತು. ಈ ಬಳ್ಳಾರಿ ಮಾದರಿಯನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ಆದರೂ ಕಾರ್ಯ ಮುಗಿಯಿತೆಂದು ಹೇಳುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ ಹೋದರು. 28 ಮಂದಿ ಪ್ರಾಣ ತೆತ್ತರು. ಅವರನ್ನು ಕುಟುಂಬದವರು ಆ ಪುಣ್ಯಸ್ಥಳಕ್ಕೆ ಕರೆತಂದದ್ದು ಗುಣವಾಗಲೆಂಬ ಆಸೆಯಿಂದಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿ, ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಆದರೆ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ, ವ್ಯಾಧಿಗೆ ಅನುಸಾರವಾಗಿ, ಪೀಡಿತರಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕಾಯಿದೆಯ ಮಾತು ಮನೆಯ ಹಿತ್ತಿಲಿಗೆ ತಲುಪಲು ಇನ್ನೂ ದೂರವಿದೆ.

ಇಲ್ಲಿ ನಮ್ಮ ಕರ್ತವ್ಯವೂ ಉಂಟು. ಕಷ್ಟಕಾಲದಲ್ಲಿ ಜನರು ಮೊದಲು ಬರುವುದು ಮಠ, ಮಂದಿರ, ದರ್ಗಾಗಳಿಗೆ. ಬಂದವರಿಗೆ ಸಾಂತ್ವನ ದೊರೆಯಲಿ. ಜೊತೆಗೆ ಸಮೀಪದ ಸರ್ಕಾರಿ ಆಸ್ಪತ್ರೆಯ ದಾರಿಯನ್ನೂ ತೋರಿಸೋಣ. ವೈದ್ಯರು ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸದಂತೆ ತಿಳಿಹೇಳೋಣ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಸಕಲವಾರದಲ್ಲಿ ಹಚ್ಚಿದ ದೀಪ ಬಳ್ಳಾರಿಯಲ್ಲಿ ಬೆಳಗಿತು. ಪ್ರತಿ ಗ್ರಾಮದಲ್ಲಿ ಅದು ಆರದಂತೆ ಕಾಯುವುದು ಊರವರೆಲ್ಲರ ಹೊಣೆ.