ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಅವಘಡ

ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಅವಘಡವು 2024ರ ಆಗಸ್ಟ್ 10ರ ರಾತ್ರಿ ಸಂಭವಿಸಿತು. ಗೇಟಿನ ಸರಪಳಿಯ ಕೊಂಡಿ ತುಂಡಾಗಿ, ತುಂಬಿದ ಜಲಾಶಯದ ಒತ್ತಡಕ್ಕೆ ಗೇಟು ಕೊಚ್ಚಿಹೋಯಿತು. ಒಂದು ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಆ ಜಾಗದಲ್ಲಿ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಯನ್ನು ಅಳವಡಿಸಲಾಯಿತು. ಇದರಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಅಚ್ಚುಕಟ್ಟು ಪ್ರದೇಶದ ಮುಂಗಾರು ಬೆಳೆ ಉಳಿಯಿತು.

ಹಿನ್ನೆಲೆ

ತುಂಗಭದ್ರಾ ಅಣೆಕಟ್ಟಿನ ಎಡಬದಿಯಲ್ಲಿ ಕೊಪ್ಪಳ ತಾಲೂಕಿನ ಮುನಿರಾಬಾದ್, ಬಲಬದಿಯಲ್ಲಿ ವಿಜಯನಗರ ಜಿಲ್ಲೆಯ ಹೊಸಪೇಟೆ ಇವೆ. 1945ರ ಫೆಬ್ರವರಿಯಲ್ಲಿ ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯಗಳ ಜಂಟಿ ಯೋಜನೆಯಾಗಿ ಇದಕ್ಕೆ ಅಡಿಗಲ್ಲು ಹಾಕಲಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಇಂದು ಇದರ ನೀರನ್ನು ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ ರಾಜ್ಯಗಳು ಹಂಚಿಕೊಳ್ಳುತ್ತವೆ. ನಿರ್ವಹಣೆಯ ಹೊಣೆ ತುಂಗಭದ್ರಾ ಮಂಡಳಿಯದು.

ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿದ್ದರಿಂದ ಅದು 105.788 ಟಿಎಂಸಿ ಅಡಿಗೆ ಇಳಿದಿದೆ, ಅಂದರೆ ಸುಮಾರು ಐದನೇ ಒಂದು ಭಾಗ ನಷ್ಟವಾಗಿದೆ. ಆದ್ದರಿಂದ ಪ್ರತಿ ಮಳೆಗಾಲದಲ್ಲಿಯೂ ಜಲಾಶಯವನ್ನು ಪೂರ್ಣಮಟ್ಟಕ್ಕೆ ತುಂಬಿಸಿಕೊಳ್ಳುವುದು ರೈತರ ಪಾಲಿಗೆ ಮಹತ್ವದ ವಿಷಯವಾಗಿದೆ.

ಗೇಟಿನ ರಚನೆ

ಅಣೆಕಟ್ಟಿನ ಕೋಡಿಯ ಮೇಲೆ 33 ಕ್ರಸ್ಟ್ ಗೇಟುಗಳಿವೆ. ಪ್ರತಿಯೊಂದು ಗೇಟು 60 ಅಡಿ ಅಗಲ ಮತ್ತು 20 ಅಡಿ ಎತ್ತರವಿದೆ. ಕೋಡಿಯ ಮಟ್ಟ ಸಮುದ್ರಮಟ್ಟದಿಂದ 1,613 ಅಡಿ, ಜಲಾಶಯದ ಪೂರ್ಣಮಟ್ಟ 1,633 ಅಡಿ. ಈ ಎರಡರ ನಡುವಿನ 20 ಅಡಿ ನೀರನ್ನು ತಡೆದು ನಿಲ್ಲಿಸುವುದೇ ಗೇಟುಗಳ ಕೆಲಸ.

ಗೇಟನ್ನು ಸರಪಳಿಯ ಮೂಲಕ ಮೇಲಕ್ಕೆತ್ತಲಾಗುತ್ತದೆ. ಎತ್ತುವ ಶ್ರಮವನ್ನು ತಗ್ಗಿಸಲು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಕವಿಟ್ಟಂತೆ, ಸಮತೂಕದ ಭಾರವೊಂದನ್ನು ಜೋಡಿಸಲಾಗಿರುತ್ತದೆ. ಜಲಾಶಯ ತುಂಬಿದಾಗ ಒಂದೊಂದು ಗೇಟಿನ ಮೇಲೆ ಬೀಳುವ ನೀರಿನ ಒಟ್ಟು ಒತ್ತಡ ಲೆಕ್ಕದ ಪ್ರಕಾರ ಸುಮಾರು 340 ಟನ್ ತೂಕಕ್ಕೆ ಸಮ. ಈ ಬಲ ನೀರಿನ ಆಳದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಗೇಟಿನ ಹಿಂದಿನ ನೀರು 20 ಅಡಿಯಿಂದ 10 ಅಡಿಗೆ ಇಳಿದರೆ ಬಲವು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆಧುನಿಕ ಅಣೆಕಟ್ಟುಗಳಲ್ಲಿ ಮುಖ್ಯ ಗೇಟಿನ ಮುಂಭಾಗದಲ್ಲಿ ಸ್ಟಾಪ್ ಲಾಗ್ ಇಳಿಸಲು ಪ್ರತ್ಯೇಕ ಗಾಡಿಗಳು, ಅಂದರೆ ಕಂಬಗಳಲ್ಲಿ ಕೊರೆದ ಸಾಲುಗಳು, ಇರುತ್ತವೆ. ದುರಸ್ತಿಯ ಸಮಯದಲ್ಲಿ ಅವುಗಳಲ್ಲಿ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ತಡೆಯಬಹುದು. ತುಂಗಭದ್ರಾ ಅಣೆಕಟ್ಟಿನ ಮೂಲ ವಿನ್ಯಾಸದಲ್ಲಿ ಈ ವ್ಯವಸ್ಥೆ ಇರಲಿಲ್ಲ.

ಅವಘಡ

ಗೇಟು ಕೊಚ್ಚಿಹೋದಾಗ ಜಲಾಶಯ ಬಹುತೇಕ ಭರ್ತಿಯಾಗಿತ್ತು. ತೆರೆದುಕೊಂಡ ಕಿಂಡಿಯೊಂದರಿಂದಲೇ ಸುಮಾರು 35,000 ಕ್ಯುಸೆಕ್ ನೀರು ನದಿಗೆ ಹರಿಯತೊಡಗಿತು. ಈ ಪ್ರಮಾಣದಲ್ಲಿ ದಿನಕ್ಕೆ ಸುಮಾರು 3 ಟಿಎಂಸಿ ಅಡಿ ನೀರು ಖಾಲಿಯಾಗುತ್ತದೆ. ಉಳಿದ ಗೇಟುಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡಲು ಅವುಗಳನ್ನೂ ತೆರೆಯಲಾಯಿತು. ನದಿಪಾತ್ರದ ಗ್ರಾಮಗಳಿಗೆ ಎಚ್ಚರಿಕೆ ನೀಡಲಾಯಿತು.

ಹೊಸ ಗೇಟು ಕೂರಿಸಬೇಕಾದರೆ ನೀರು ಕೋಡಿಯ ಮಟ್ಟಕ್ಕೆ ಇಳಿಯಬೇಕಾಗಿತ್ತು. ಅದಕ್ಕಾಗಿ ಸುಮಾರು 60 ಟಿಎಂಸಿ ಅಡಿ ನೀರನ್ನು ಹೊರಬಿಡಬೇಕಾಗುತ್ತದೆ ಎಂದು ಅಂದಾಜಿಸಲಾಯಿತು. ಹಾಗೆ ಮಾಡಿದ್ದರೆ ಆಗಷ್ಟೇ ನಾಟಿಯಾಗಿದ್ದ ಭತ್ತದ ಬೆಳೆಗೆ ಕೊನೆಯವರೆಗೆ ನೀರು ಸಿಗುವ ಭರವಸೆ ಇರುತ್ತಿರಲಿಲ್ಲ.

ಸ್ಟಾಪ್ ಲಾಗ್ ಅಳವಡಿಕೆ

ಅಣೆಕಟ್ಟಿನ ಗೇಟುಗಳ ತಜ್ಞ ಎನ್. ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಜಲಾಶಯವನ್ನು ಖಾಲಿ ಮಾಡದೆ ಕಿಂಡಿಯನ್ನು ಮುಚ್ಚುವ ಯೋಜನೆ ರೂಪುಗೊಂಡಿತು. 20 ಅಡಿ ಎತ್ತರದ ತಡೆಯನ್ನು ತಲಾ 4 ಅಡಿ ಎತ್ತರದ ಐದು ತುಂಡುಗಳಾಗಿ ವಿಭಜಿಸಲಾಯಿತು. ಹೊಸಪೇಟೆ ಸುತ್ತಲಿನ ಕಾರ್ಖಾನೆಗಳು ಹಾಗೂ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಇವುಗಳ ತಯಾರಿಕೆಯಲ್ಲಿ ಪಾಲ್ಗೊಂಡವು.

ಇಡೀ ಗೇಟನ್ನು ಒಮ್ಮೆಲೇ ಇಳಿಸಿದರೆ ಹರಿವಿನ ಪೂರ್ಣ ಬಲವನ್ನು ಅದು ಎದುರಿಸಬೇಕಾಗುತ್ತದೆ. ತುಂಡುಗಳಾಗಿ ಇಳಿಸಿದಾಗ ಒಂದೊಂದರ ಮೇಲಿನ ಬಲ ಕಡಿಮೆ. ಪ್ರತಿ ತುಂಡು ಕೂತಂತೆ ಹೊರಹರಿವೂ ತಗ್ಗುತ್ತದೆ. ಅಡ್ಡಿಯಾಗಿದ್ದ ಸಮತೂಕದ ಭಾರವನ್ನು ತೆಗೆದ ಬಳಿಕ, ಆಗಸ್ಟ್ 16ರ ರಾತ್ರಿ ಮೊದಲ ತುಂಡನ್ನು ಕ್ರೇನ್ ಸಹಾಯದಿಂದ ಕೂರಿಸಲಾಯಿತು. ಉಳಿದವುಗಳನ್ನು 17ರಂದು ಅಳವಡಿಸಲಾಯಿತು. ಆ ಹೊತ್ತಿಗೆ ಜಲಾಶಯದಲ್ಲಿ ಸುಮಾರು 70 ಟಿಎಂಸಿ ಅಡಿ ನೀರು ಉಳಿದಿತ್ತು. ಬಳಿಕ ಮಲೆನಾಡಿನಲ್ಲಿ ಸುರಿದ ಮಳೆಯಿಂದ ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ಬಹುಮಟ್ಟಿಗೆ ತುಂಬಿತು.

ಕೃಷಿಗೆ ಸಂಬಂಧ

ಮುನಿರಾಬಾದಿನಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಮತ್ತು ಮಾನ್ವಿ ಭಾಗಗಳಿಗೆ ನೀರುಣಿಸುತ್ತದೆ. ಭತ್ತದ ಕಣಜವೆಂದು ಹೆಸರಾದ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು, ಹಮಾಲರು, ಸಾಗಣೆದಾರರು ಮತ್ತು ನಾಟಿ ಮಾಡುವ ಕೂಲಿಕಾರರ ದುಡಿಮೆಯೂ ಕಾಲುವೆಯ ನೀರನ್ನೇ ಅವಲಂಬಿಸಿದೆ. ನೀರಿನ ಲಭ್ಯತೆಯಿದ್ದ ವರ್ಷಗಳಲ್ಲಿ ಇಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ ತೆಗೆಯಲಾಗುತ್ತದೆ. ಇದೇ ಜಿಲ್ಲೆಯ ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಬಹುಭಾಗ ಮಳೆಯಾಶ್ರಿತ ಒಣಭೂಮಿಯಾಗಿದ್ದು, ಈ ಕಾಲುವೆಯ ವ್ಯಾಪ್ತಿಗೆ ಹೊರಗಿದೆ.

ಇದೇ ಬಗೆಯ ಇತರ ಘಟನೆಗಳು

2021ರ ಆಗಸ್ಟ್‌ನಲ್ಲಿ ಆಂಧ್ರಪ್ರದೇಶದಲ್ಲಿ ಕೃಷ್ಣಾ ನದಿಯ ಪುಲಿಚಿಂತಲ ಅಣೆಕಟ್ಟಿನ 16ನೇ ಗೇಟು ಕೊಚ್ಚಿಹೋಗಿತ್ತು. 2022ರ ಸೆಪ್ಟೆಂಬರಿನಲ್ಲಿ ಕೇರಳದ ಪರಂಬಿಕುಳಂ ಅಣೆಕಟ್ಟಿನಲ್ಲಿಯೂ ಸರಪಳಿ ತುಂಡಾಗಿ ಗೇಟೊಂದು ಹಾನಿಗೊಂಡಿತ್ತು.

ನಂತರದ ಬೆಳವಣಿಗೆಗಳು

ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿಯು ಅಣೆಕಟ್ಟನ್ನು ಪರಿಶೀಲಿಸಿ, ಏಳು ದಶಕ ಹಳೆಯದಾದ ಎಲ್ಲ 33 ಗೇಟುಗಳನ್ನೂ ಬದಲಿಸುವಂತೆ ಶಿಫಾರಸು ಮಾಡಿತು. ಮುನ್ನೆಚ್ಚರಿಕೆಯಾಗಿ 2025ರ ಮುಂಗಾರಿನಲ್ಲಿ ನೀರಿನ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಗೇಟುಗಳ ಬದಲಾವಣೆಗೆ ಅನುಕೂಲವಾಗುವಂತೆ 2025–26ನೇ ಸಾಲಿನ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧರಿಸಲಾಯಿತು. 2025ರ ಡಿಸೆಂಬರಿನಲ್ಲಿ ಹಳೆಯ ಗೇಟುಗಳನ್ನು ತೆರವುಗೊಳಿಸುವ ಕೆಲಸ ಆರಂಭವಾಯಿತು.

ಗೇಟುಗಳ ಬದಲಾವಣೆಯಿಂದ ಅಣೆಕಟ್ಟಿನ ಸುರಕ್ಷತೆ ಹೆಚ್ಚುತ್ತದೆಯಾದರೂ ಹೂಳಿನಿಂದ ಕುಗ್ಗಿದ ಸಾಮರ್ಥ್ಯ ಮರಳುವುದಿಲ್ಲ. ಆ ಕೊರತೆಯನ್ನು ತುಂಬಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯವನ್ನು ನಿರ್ಮಿಸುವ ಪ್ರಸ್ತಾವವನ್ನು ಕರ್ನಾಟಕ ಸರ್ಕಾರ ಮುಂದಿಟ್ಟಿದೆ. ನೀರು ಮೂರು ರಾಜ್ಯಗಳಿಗೆ ಸೇರಿದ್ದರಿಂದ ಇದಕ್ಕೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಒಪ್ಪಿಗೆಯೂ ಅಗತ್ಯ.