ಬೇಟೆಯ ಬಿಡಾರದಿಂದ ವಿಹಾರಗೃಹಕ್ಕೆ: ಚಾಮರಾಜನಗರ–ಗುಂಡ್ಲುಪೇಟೆ ಪ್ರಾಂತದ ವಸತಿಗಳು

ಚಾಮರಾಜನಗರ, ಗುಂಡ್ಲುಪೇಟೆಗಳ ಅರಣ್ಯಪ್ರಾಂತಕ್ಕೆ ಇಂದು ವಿಹಾರಾರ್ಥಿಗಳು ಬಂದು ಸುಖವಸತಿಗಳಲ್ಲಿ ತಂಗುತ್ತಾರೆ. ಈ ವಸತಿಗಳ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಪಯಣಿಗರ ವಸತಿಗೆ ಎರಡು ಪದ್ಧತಿಗಳಿದ್ದುವು. ಮೊದಲನೆಯದು ಛತ್ರ: ಧರ್ಮಾರ್ಥವಾಗಿ ಕಟ್ಟಿಸಿದ್ದು, ಜಾತಿಭೇದಕ್ಕೆ ಹೊರತಾಗದಿದ್ದರೂ ದಾರಿಹೋಕನಿಗೆ ನೆರಳನ್ನೂ ಅನ್ನವನ್ನೂ ಕೊಡುತ್ತಿದ್ದುದು. ಎರಡನೆಯದು ಅರಸರ, ಅಧಿಕಾರಿಗಳ ಬಿಡಾರ: ಅಂತಸ್ತಿಗೆ ಅನುಸಾರವಾಗಿ ಬಾಗಿಲು ತೆರೆಯುತ್ತಿದ್ದುದು. ಇಂದಿನ ವಿಹಾರಗೃಹಗಳು ಎರಡನೆಯ ಪದ್ಧತಿಯ ಸಂತತಿ ಎಂಬುದು ನಮ್ಮ ಅಭಿಪ್ರಾಯ.

ಅರಿಕುಠಾರವೆಂದು ಹೆಸರಾಗಿದ್ದ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1818ರಲ್ಲಿ, ಅವರ ತಂದೆಯವರ ಸ್ಮರಣಾರ್ಥವಾಗಿ ಚಾಮರಾಜನಗರವಾಯಿತು. ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ಈ ಊರಿನ ಸಮೀಪದ ಕಾಡಿನಂಚಿನಲ್ಲಿ, ತಾನು 'ಮೊರ್ಲೆ' ಎಂದು ಬರೆದ ಸ್ಥಳದಲ್ಲಿ, ಬಂಗಲೆಯೊಂದನ್ನು ಕಟ್ಟಿಸಿದನು. 1873–74ರಲ್ಲಿ ಇದೇ ಪ್ರಾಂತದಲ್ಲಿ ಆನೆಗಳ ಖೆಡ್ಡಾ ನಡೆಸಿದನು. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯಲ್ಲಿ ಮಹಾರಾಜರ ಬೇಟೆಮನೆಯಿತ್ತು. ಗುಂಡ್ಲುಪೇಟೆಯಿಂದ ನೀಲಗಿರಿಗೆ ಹೋಗುವ ಮಾರ್ಗದ ಬಂಡೀಪುರದಲ್ಲಿ 1931ರಲ್ಲಿ ವನ್ಯಮೃಗಧಾಮವು ಸ್ಥಾಪಿತವಾಯಿತು.

ಕಾಡಿನಲ್ಲಿ ಅತಿಥಿಯ ವಾಸ್ತವ್ಯ ಸಫಲವಾಗಬೇಕಾದರೆ ಮೃಗದ ಜಾಡು ತಿಳಿದವರು ಬೇಕು. 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಯಾಂಡರ್ಸನ್ ಸೋಲಿಗರ ಮತ್ತು ಕುರುಬರ ಈ ಕೌಶಲವನ್ನು ಉಲ್ಲೇಖಿಸಿದ್ದಾನೆ. ಆದರೆ ಬಿಡಾರದ ಚರಿತ್ರೆಯೆಂದರೆ ಅತಿಥಿಗಳ ಹೆಸರು, ಬಲಿಯಾದ ಮೃಗಗಳ ಎಣಿಕೆ ಎಂಬ ರೂಢಿ ಬೆಳೆಯಿತು. ಜಾಡು ತೋರಿದವರು ಅದರಲ್ಲಿ ಜನಾಂಗದ ಹೆಸರಾಗಿ ಮಾತ್ರ ಉಳಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿರ್ಬಂಧಿಸಿತು. ಮರುವರ್ಷವೇ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಕೋವಿಯ ಸ್ಥಾನಕ್ಕೆ ಕ್ಯಾಮರಾ ಬಂದಿತು. ಕ್ಯಾತದೇವರಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಿಹಾರಧಾಮವು ತಲೆಯೆತ್ತಿತು. ಅತಿಥಿಗೆ ಹೀಗೆ ಸ್ವಾಗತ ದೊರೆತ ಬೆಟ್ಟದಲ್ಲೇ, 1974ರಲ್ಲಿ ವನ್ಯಧಾಮ ಘೋಷಿತವಾದ ತರುವಾಯ, ಸೋಲಿಗರ ಅನೇಕ ಪೋಡುಗಳು ಒಳಗಾಡಿನಿಂದ ಸ್ಥಳಾಂತರಗೊಂಡಿದ್ದುವು. ಅವರ ಬೇಟೆಯೊಡನೆ ಕಾಡುಬೇಸಾಯವೂ ನಿಂತಿತ್ತು. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆತದ್ದು 2011ರಲ್ಲಿ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದದ್ದೂ ಅದೇ ವರ್ಷದಲ್ಲಿ.

ಇದರಿಂದ ವಿದಿತವಾಗುವುದೇನೆಂದರೆ, ಬೇಟೆಗಾರನ ಬದಲು ಪ್ರೇಕ್ಷಕನು ಬಂದರೂ ಅತಿಥಿಯು ಒಳಗೆ, ಆತಿಥೇಯನು ಹೊರಗೆ ಎಂಬ ವ್ಯವಸ್ಥೆಯು ಬಹುಕಾಲ ಅಚಲವಾಗಿತ್ತು. ಆದುದರಿಂದ ಈ ವಸತಿಗಳನ್ನು ಕುರಿತು ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿಗಳು ಕಟ್ಟಡಗಳ ವಿವರಕ್ಕೂ ಅತಿಥಿಗಳ ಪಟ್ಟಿಗೂ ತೃಪ್ತರಾಗಬಾರದು. ಪೋಡುಗಳ ಹಿರಿಯರ ನೆನಪುಗಳನ್ನು ಬರೆದಿಟ್ಟುಕೊಂಡು, ಅಧಿಕಾರಿಗಳ ಬರಹಗಳೊಡನೆ ತಾಳೆನೋಡಬೇಕು. ಆ ಹಿರಿಯರು ಇರುವಾಗಲೇ ಈ ಕಾರ್ಯ ನಡೆಯುವುದು ಅವಶ್ಯಕ.